ಬಿಸಿ ಕಾಯಿಲ್‌ಗೆ ಮೀಟರ್ ಇಟ್ಟಿದ್ದು

...ಉದ್ದ, ದಪ್ಪ, ತಾಮ್ರಾನೋ ಅಲ್ಯೂಮಿನಿಯಮ್ಮೋ, ಹೋಮ್‌ವರ್ಕಲ್ಲಿ ಇಷ್ಟೇ ಬರ್ದಿದೀಯಲ್ಲೇ ಪುಟ್ಟಿ. ತಂತಿ ಉದ್ದ ಆದ್ರೆ ರೆಸಿಸ್ಟೆನ್ಸ್ ಜಾಸ್ತಿ, ದಪ್ಪ ಆದ್ರೆ ಕಮ್ಮಿ, ಅದೆಲ್ಲ ಸರಿ. ನಾಲ್ಕನೇದೊಂದಿದೆ, ಈ ನಿಮ್ಮಜ್ಜಿ ಕೆಲಸಾನೇ ನುಂಗೋದ್ರಲ್ಲಿತ್ತು ಅದು, ಗೊತ್ತಾ. ಕೂತ್ಕೋ ಇಲ್ಲಿ.

ನಿಮ್ಮ ತಾತ ಸ್ಕೂಟರಿಂದ ಬಿದ್ದು ಕಾಲು ಮುರ್ಕೊಂಡು ಮಲಗಿದ್ರು. ಮನೇಲಿ ಬೇರೆ ದುಡಿಯೋರಿಲ್ಲ. ಇಟ್ಟಮಡುವಿನ ಒಂದು ಶೆಡ್ಡಿಗೆ ಸೇರ್ದೆ, ಲಿಫ್ಟಿನ ಕಾಯಿಲ್ ಸುತ್ತೋದಕ್ಕೆ, ಅಲ್ಲಲ್ಲ, ಲಿಫ್ಟಿಂದು ಆಮೇಲೆ ಬಂತು, ಆಗ ನೀರಿನ ಪೈಪಿನ ವಾಲ್ವಿಗೆ ಹಾಕೋ ಕಾಯಿಲ್. ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಮೂರು ತಿಂಗಳು ಟ್ರಯಲ್, ಕೈ ಕೂತ್ರೆ ಪರ್ಮನೆಂಟ್, ಇಲ್ದಿದ್ರೆ ಮನೆ ದಾರಿ.

ಕ್ರಮ ಏನಂದ್ರೆ, ಸುತ್ತಿದ ತಕ್ಷಣ ಮೀಟರ್ ಇಟ್ಟು ನೋಡೋದು, ರೆಸಿಸ್ಟೆನ್ಸ್ ನೂರು ಓಮ್ ಬರ್ಬೇಕು, ಆಮೇಲೆ ತೇವ ಆರ್ಲಿ ಅಂತ ಓವನ್‌ನಲ್ಲಿ ಇಡೋದು, ಆಮೇಲೆ ವಾರ್ನಿಷ್‌ನಲ್ಲಿ ಅದ್ದೋದು. ವಾರ್ನಿಷ್ ಹಿಡೀತೋ ಮುಗೀತು, ಮತ್ತೆ ಬಿಚ್ಚೋಕಾಗಲ್ಲ. ಅವತ್ತು ಲೋಡ್ ಹೋಗ್ಬೇಕು ಅಂತ ಅವಸರ, ಮೀಟರ್ ಇಡದೆ ಸೀದಾ ಓವನ್‌ಗೆ ತಳ್ಬಿಟ್ಟೆ. ಒಂದನ್ನ ಹೊರಗೆ ತೆಗೆದ ಮೇಲೆ ನೆನಪಾಯ್ತು ನೋಡು, ಬಿಸಿಬಿಸಿದಕ್ಕೇ ಇಟ್ಟೆ, ನೂರಿಪ್ಪತ್ತು ತೋರಿಸ್ತು. ಇನ್ನೊಂದು, ಅದೂ ಅಷ್ಟೇ. ಅಯ್ಯೋ ಸುತ್ತು ಜಾಸ್ತಿ ಆಗಿದೆ ಅಂದ್ಕೊಂಡು ಓವನ್‌ನಿಂದ ಒಂದೊಂದೇ ತೆಗೆದು, ಬಿಸಿ ಇರುವಾಗ್ಲೇ ತಂತಿ ಬಿಚ್ಚಿ ಬಿಚ್ಚಿ ನೂರಕ್ಕೆ ತಂದೆ. ಇಪ್ಪತ್ತು ಕಾಯಿಲ್. ಬೆರಳೆಲ್ಲ ಬೊಬ್ಬೆ. ಏನೋ ದೊಡ್ಡ ಕೆಲಸ ಮಾಡ್ದೆ ಅಂತ ಹೆಮ್ಮೆ ಬೇರೆ.

ಊಟ ಮುಗಿಸಿ ಬಂದು, ಅದ್ದೋ ಮೊದ್ಲು ಸುಮ್ನೆ ಒಂದಕ್ಕೆ ಮತ್ತೆ ಮೀಟರ್ ಇಟ್ರೆ ಎಂಬತ್ತಮೂರು. ಆಗ ಹೊಳೀತು, ಕಾಯಿಲ್ ತಣ್ಣಗಾಗಿದೆ. ತಾಮ್ರ ಬಿಸಿ ಆದ್ರೆ ರೆಸಿಸ್ಟೆನ್ಸ್ ಏರುತ್ತೆ, ಆರಿದ್ರೆ ಇಳಿಯುತ್ತೆ, ನಾಲ್ಕನೇದು ಅಂದ್ನಲ್ಲ, ಅದು ಇದೇ. ಸುತ್ತು ಸರಿಯಾಗೇ ಇತ್ತು ಕಣೆ, ಕೆಡಿಸಿದ್ದು ನಾನೇ. ಇಷ್ಟು ಕಮ್ಮಿ ಇದ್ರೆ ಕರೆಂಟ್ ಜಾಸ್ತಿ ಎಳ್ದು ಸುಟ್ಟು ಹೋಗುತ್ತೆ. ವಾರ್ನಿಷ್ ಡಬ್ಬ ಎದುರಿಗೇ ಇತ್ತು. ಅದ್ದಿಬಿಟ್ರೆ ಆ ಅವಸರದಲ್ಲಿ ಯಾರೂ ಮತ್ತೆ ಅಳೆಯಲ್ಲ, ಸುಡೋದು ಯಾರ್ದೋ ಮನೇಲಿ. ಸುಳ್ಳು ಯಾಕೆ ಹೇಳ್ಲಿ, ಒಂದನ್ನ ಕೈಗೂ ತಗೊಂಡಿದ್ದೆ. ನಿಮ್ಮ ತಾತ, ಟ್ರಯಲ್ಲು, ಎಲ್ಲಾ ಕಣ್ಮುಂದೆ ಬಂತು, ಭಯ ಆಯ್ತು.

ಕೊನೆಗೆ ಟ್ರೇ ಸಮೇತ ಶೆಡ್ಡಿನ ಮೇಸ್ತ್ರಿ ಹತ್ರ ಹೋದೆ. "ಸಾರ್, ಇಪ್ಪತ್ತೂ ಕೆಡಿಸಿದೀನಿ. ಬಿಸಿ ಇದ್ದಾಗ್ಲೇ ಅಳೆದೆ" ಅಂದೆ. ಅವರು ಒಂದಕ್ಕೆ ಮೀಟರ್ ಇಟ್ರು, ನನ್ನ ಬೆರಳು ನೋಡಿದ್ರು. ಆಮೇಲೆ ದಪ್ಪ ದನೀಲಿ ಕೇಳಿದ್ರು, "ಒಂದನ್ನಾದ್ರೂ ಅದ್ದಿದೀಯೇನಮ್ಮ?"

"ಇಲ್ಲ ಸಾರ್."

"ಹಂಗಾದ್ರೆ ಬಿಚ್ಚು. ಮೊದ್ಲಿಂದ ಸುತ್ತು."

ಅಷ್ಟೇ. ಲೋಡ್ ಅವತ್ತು ಹೋಗ್ಲಿಲ್ಲ, ಓನರ್ ಹತ್ರ ಬೈಸ್ಕೊಂಡಿದ್ದು ಅವರು, ಪಾಪ. ನನಗೆ ಟ್ರಯಲ್ ಇನ್ನೊಂದು ತಿಂಗಳು ಎಳೆದ್ರು, ಆಮೇಲೆ ಪರ್ಮನೆಂಟ್ ಮಾಡಿದ್ರು. ತಪ್ಪು ಯಾರು ಮಾಡಲ್ಲ ಹೇಳು ಪುಟ್ಟಿ. ಅದರ ಮೇಲೆ ವಾರ್ನಿಷ್ ಹಚ್ಚಬಾರ್ದು, ಅಷ್ಟೇ.