ಕಪಾಟಿನಲ್ಲಿದ್ದ ಪಾದಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಮ್ಮ ಕಾರ್ಖಾನೆಯ ಮೇಡಂ ಅವರೇ, ದೂರದಿಂದ ಬಂದ ಅತಿಥಿಗಳೇ, ಜೊತೆಯಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮತ್ತು ನಾವು ಹೊಲಿದ ಬೂಟುಗಳನ್ನು ಹಾಕಿಕೊಂಡೇ ಬಂದು ಕುಳಿತಿರುವ ಸಭಿಕರೇ,

ಹೊಸ ದಾಖಲೆ ಕೋಣೆಯ ಬಗ್ಗೆ ಎರಡು ಮಾತು ಹೇಳಿ ಎಂದಿದ್ದಾರೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಮೈಕ್ ಕಂಡರೆ ನಾಲಿಗೆ ಒಣಗುತ್ತದೆ. ಆದರೆ ಭಗವಂತ ಕಣ್ಣಿಗೆ ತೋರಿಸಿದ್ದನ್ನು ಹೇಳಲು ಪಾಂಡಿತ್ಯ ಯಾಕೆ ಬೇಕು?

ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ಸೊಟ್ಟಗಿರುವವರಿಗೆ ಬೂಟು ಹೊಲಿಯುವ ಕಾರ್ಖಾನೆ ನಮ್ಮದು. ಬಂದವರನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುವುದು ನಮ್ಮ ಮನೆ ಯಜಮಾನರ ಕೆಲಸವಾಗಿತ್ತು. ಎಲ್ಲರೂ ಅವರನ್ನು ಪಾದದ ಮೇಷ್ಟ್ರು ಎನ್ನುತ್ತಾರೆ. ಪೆನ್ಸಿಲ್ ಎತ್ತದೆ, ಹಿಮ್ಮಡಿಯಿಂದ ಹೊರಟು ಹಿಮ್ಮಡಿಗೇ ಬಂದು ಸೇರುತ್ತಿದ್ದರು. ಕಚಗುಳಿಯಾಗಿ ಮಕ್ಕಳು ನಕ್ಕರೂ ಗೆರೆ ಅಲುಗುತ್ತಿರಲಿಲ್ಲ. ಆ ಕಾಗದಗಳನ್ನು ಕಪಾಟಿನಲ್ಲಿ ಇಡುವವಳು ನಾನು. ಮನೆಯಲ್ಲಿ ನಾವಿಬ್ಬರೂ ಆಡಿದ ಮಾತಿಗಿಂತ ಕಾರ್ಖಾನೆಯಲ್ಲಿ ಕಾಗದ ಕೊಟ್ಟು ತೆಗೆದುಕೊಂಡದ್ದೇ ಹೆಚ್ಚು. ನಗಬೇಡಿ, ಅದೂ ಒಂದು ಸಂಸಾರವೇ.

ಲಕ್ವ ಹೊಡೆದು ಅವರ ಬಲಗೈ ನಡುಗತೊಡಗಿದ ಮೇಲೆ, ಪಾದವನ್ನು ಬೆಳಕಿನಲ್ಲೇ ಅಳೆಯುವ ಯಂತ್ರ ಬಂತು. ಹಳೆಯ ಅಳತೆ ಕಪಾಟಿನಲ್ಲಿ, ಹೊಸ ಅಳತೆ ಕಂಪ್ಯೂಟರಿನಲ್ಲಿ. ಒಬ್ಬರೇ ಮನುಷ್ಯರ ನಿನ್ನೆಯ ಕಾಲು ನನ್ನ ಹತ್ತಿರ, ಇವತ್ತಿನ ಕಾಲು ಆಫೀಸಿನವರ ಹತ್ತಿರ! ಸಾಲದ್ದಕ್ಕೆ, ನಾನು ಕಾಗದ ಜೋಡಿಸಿದ್ದು ಹೆಸರು ನೋಡಿ ಅಲ್ಲ, ಸಂಬಂಧ ನೋಡಿ. ಅಕ್ಕತಂಗಿಯರು ಒಟ್ಟಿಗೆ. ಅತ್ತೆ ಸೊಸೆ ಮುಖ ಕೊಟ್ಟು ಮಾತಾಡದಿದ್ದರೆ ಬೇರೆ ಬೇರೆ ಕಪಾಟು. ಪಾಪ, ಅಲ್ಲಾದರೂ ನೆಮ್ಮದಿಯಾಗಿರಲಿ ಎಂದು. ನಾನು ಕಣ್ಣಿನ ಆಪರೇಷನ್‌ಗೆ ಹೋದಾಗ ಯಾರ ಪಾದವೂ ಯಾರಿಗೂ ಸಿಗಲಿಲ್ಲ. ಮೇಡಂ ಆಸ್ಪತ್ರೆಗೇ ಫೋನ್ ಮಾಡಿ, "ಅಕ್ಕಾ, ಬೇಕರಿಯವರ ಅತ್ತೆ ಎಲ್ಲಿದ್ದಾರೆ?" ಎಂದರು. ನಾನು, "ಕೆಳಗಡೆ ನೋಡಿ, ಬಟ್ಟೆ ಗಂಟಿನ ಹಿಂದೆ ಇರ್ತಾರೆ" ಎಂದೆ. ಪಕ್ಕದ ಹಾಸಿಗೆಯವರು ಎದ್ದೇ ಕುಳಿತರು.

ಹೀಗಾಗಿ ಕಾಗದವನ್ನೂ ಕಂಪ್ಯೂಟರನ್ನೂ ಒಟ್ಟಿಗೆ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕಾಯಿತು. ಆರಿಸುವವರ ಸಾಲಿನಲ್ಲಿ ಮೇಡಂ ನನ್ನನ್ನೂ ಕೂರಿಸಿದರು. ಮೊದಲು ಬಂದ ಕಂಪನಿಯವರು, "ಎಲ್ಲಾ ಸ್ಕ್ಯಾನ್ ಮಾಡಿ, ಕಾಗದ ರದ್ದಿಗೆ ಹಾಕಿ. ರೂಮೇ ಖಾಲಿ!" ಎಂದರು. ಹೊಲಿಗೆಯವರಿಗೆ ಜಾಗ ಬೇಕಿತ್ತು, ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಯಜಮಾನರದು ಈಗ ಲೋಟ ಹಿಡಿದರೆ ನೀರು ಚೆಲ್ಲುವ ಕೈ. ಆ ಕೈ ಗಟ್ಟಿಯಾಗಿದ್ದ ಕಾಲದ ಗುರುತು ಆ ಕಾಗದದಲ್ಲಲ್ಲದೆ ಇನ್ನೆಲ್ಲಿದೆ? ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು.

ಎರಡನೆಯ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಆ ದಿನ ಯಜಮಾನರೂ ಬಂದು ಮೂಲೆಯಲ್ಲಿ ಕುಳಿತಿದ್ದರು. ಮೇಡಂ ಸಂಗೀತದ ಟೀಚರ ಹೆಸರು ಹೇಳಿದರು. ಟೀಚರು ಮಗುವಾಗಿದ್ದಾಗಿನಿಂದ ನಮ್ಮಲ್ಲಿಗೆ ಬರುವವರು. ತೆರೆಯ ಮೇಲೆ ಯಂತ್ರ ಅಳೆದ ಅವರ ಪಾದ ಮೂಡಿತು. ಅದರ ಕೆಳಗೆ, ಕಾಗದ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದೂ ಬಂತು. ಹೋಗಿ ನೋಡಿದೆ. ಅಲ್ಲೇ ಇತ್ತು! ಆಮೇಲೆ ಕಂಪನಿಯ ಆ ಹುಡುಗಿ ಹಿಂದಿನ ದಿನ ಕಪಾಟು ಗುರುತು ಹಾಕಿಕೊಂಡು ಸ್ಕ್ಯಾನ್ ಮಾಡಿದ್ದ ಗೆರೆಗಳನ್ನು ಒಂದೊಂದಾಗಿ ಮೇಲಿಟ್ಟಳು. ಮಗುವಿನ ಪಾದ, ಅದರ ಹೊರಗೆ ಹುಡುಗಿಯ ಪಾದ, ಅದರ ಹೊರಗೆ ಹೆಂಗಸಿನ ಪಾದ. ಯಜಮಾನರು ಎಳೆದ ಕೊನೆಯ ಗೆರೆಯೂ ಯಂತ್ರದ ಗೆರೆಯೂ ಒಂದರ ಮೇಲೊಂದು ಕೂತವು, ಕೂದಲೆಳೆ ತೂರದ ಹಾಗೆ. ಒಂದು ಇಡೀ ಜೀವ ಒಂದೇ ಜಾಗದಲ್ಲಿ ನಿಂತಿತ್ತು. ನನಗೇ ತಿಳಿಯದೆ ಕೈಮುಗಿದೆ. ನಮ್ಮ ಹೆಜ್ಜೆಗಳನ್ನೆಲ್ಲ ಭಗವಂತ ಬಲ್ಲ ಎಂದು ದಿನಾ ಪ್ರಾರ್ಥನೆಯಲ್ಲಿ ಹೇಳುತ್ತೇನೆ. ಬಲ್ಲ ಎಂದರೆ ಹೇಗೆ ಎಂದು ಅವತ್ತು ಕಂಡೆ.

ಯಜಮಾನರು ಹತ್ತಿರ ಬಂದು ನೋಡಿ, "ಪರವಾಗಿಲ್ಲ ಕಣೇ, ಯಂತ್ರಾನೂ ಕೆಲಸ ಕಲ್ತಿದೆ" ಎಂದರು.

"ಇದೇ ಇರಲಿ" ಎಂದೆ. ಮೇಡಂ ಒಪ್ಪಿದರು. ಆಗ ಆ ಹುಡುಗಿ, "ಅಮ್ಮಾ, ಪ್ರತಿ ಕಾಗದಕ್ಕೂ ಒಂದು ಅವಧಿ ಹಾಕ್ಬೇಕು. ಎಲ್ಲೀತನಕ ಇಟ್ಕೊಳ್ಳೋಣ?" ಎಂದಳು. "ಯಾವತ್ತಿಗೂ" ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, "ಆ ಕಾಲು ನಡೆಯೋ ತನಕ" ಎಂದರು.

"ತೀರಿಕೊಂಡವರದ್ದು?"

"ಅದು ಅವರ ಮಕ್ಕಳಿಗೆ ಸೇರಿದ್ದಮ್ಮ. ಕೊಟ್ಬಿಡಿ."

"ನಿಮ್ಮ ಗೆರೆ ಅಲ್ವೇನ್ರೀ ಅದು?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಗೆರೆ ನಂದು. ಪಾದ ಅವರದು."

ಸಭಿಕರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಅವರು ಹೇಳಿದ ಹಾಗೇ ಆಯಿತು. ಇರುವವರ ಕಾಗದಗಳು ಒಳಗೆ ಕಪಾಟಿನಲ್ಲಿವೆ. ಅಗಲಿದವರ ಕಾಗದಗಳು ಈ ಮೇಜಿನ ಮೇಲಿವೆ. ಹೆಸರು ಕರೆದಾಗ ಮನೆಯವರು ಬನ್ನಿ. ನಿಮ್ಮ ತಾಯಿಯೋ ತಂದೆಯೋ ಒಂದು ದಿನ ಉಸಿರು ಬಿಗಿಹಿಡಿದು ನಿಂತ ಜಾಗ ಅದು. ಪಾದದ ಮೇಷ್ಟ್ರೇ ಕೊಡುತ್ತಾರೆ. ಕಾಗದ ಪಟಪಟ ಸದ್ದು ಮಾಡಿದರೆ ಗಾಬರಿಯಾಗಬೇಡಿ. ನೀವು ಹಿಡಿಯುವ ತನಕ ಅವರು ಕೈ ಬಿಡುವುದಿಲ್ಲ. ಒಂದೇ ಕೋರಿಕೆ: ಮಡಚಬೇಡಿ, ಪಾದದ ಮೇಲೆ ಗೀಟು ಬೀಳುತ್ತದೆ. ಸುರುಳಿ ಸುತ್ತಿಕೊಳ್ಳಿ. ಕಟ್ಟಲು ದಾರ ಇಟ್ಟಿದ್ದೇನೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಭಗವಂತ ಒಳ್ಳೆಯದು ಮಾಡಲಿ. ಧನ್ಯವಾದಗಳು, ನಮಸ್ಕಾರ.