ತಿರುವಿನಲ್ಲಿ ಉಜ್ಜುವ ಚಕ್ರ

ಇದು ನನ್ನ ಷಡ್ಡಕನಿಗೆ ಆದದ್ದು. ಬಾಯಿಂದ ಬಾಯಿಗೆ ಬಂದು ಬಾಲ ಬೆಳೆಸಿಕೊಂಡ ಮಾತಲ್ಲ. ದೀಪ ಸ್ವಲ್ಪ ತಗ್ಗಿಸಿ, ಹೇಳುತ್ತೇನೆ.

ರಾತ್ರಿ ಹನ್ನೊಂದು ದಾಟಿತ್ತು. ಅವನು ತನ್ನ ಜೀಪಿನ ಶೆಡ್ಡಿಗೆ ಬೀಗ ಹಾಕಿ ಮನೆ ಕಡೆ ನಡೆದಿದ್ದ. ಮನೆಮಂದಿಯೆಲ್ಲ ಅವನನ್ನು ಕರೆಯುವುದು ಮೊಂಡ ಎಂದು. ಆ ಹೆಸರಿಗೆ ಅವನು ಒಂದು ದಿನವೂ ಮೋಸ ಮಾಡಿದವನಲ್ಲ. ಕೈಯೆಲ್ಲ ಗ್ರೀಸು, ತಲೆಯೆಲ್ಲ ಬೆಂಕಿ.

ಬೆಂಕಿಗೆ ಕಾರಣವಿತ್ತು. ಅವನ ಅಕ್ಕ ಗುಡ್ಡದ ಮೇಲಿನ ಕಲ್ಲುಗಣಿಯ ವಸತಿಯಲ್ಲಿದ್ದಳು, ದಿನ ತುಂಬಿದ ಬಸುರಿ. ಮಗು ಅಡ್ಡ ತಿರುಗಿದೆ, ನೋವು ಬರುವ ಮೊದಲೇ ಆಸ್ಪತ್ರೆಗೆ ಇಳಿಸಿ ಎಂದು ದಾದಿ ಹೇಳಿದ್ದಳು. ಬೆಳಿಗ್ಗೆಯೇ ಹೋಗಬೇಕು. ದಾರಿಯೋ ಬಂಡೆಯ ಮೇಲೆ ಬಂಡೆ, ಏಳು ಕೊಕ್ಕೆ ತಿರುವು. ಹಳೆಯ ಸಣ್ಣ ಟೈರಿಗೆ ಜೀಪಿನ ಹೊಟ್ಟೆ ಕಲ್ಲಿಗೆ ತಗಲಿ ಕೂರುತ್ತಿತ್ತು. ಅದಕ್ಕೇ ದೊಡ್ಡ ಟೈರು ತಂದ. ತಂದ ದಿನದಿಂದ ನೆಮ್ಮದಿ ಕೆಟ್ಟಿತು.

ಕಂಪನಿಯ ರಿಮ್ಮಿಗೆ ಹಾಕಿದರೆ ಟೈರು ಒಳಗಿನ ಕಬ್ಬಿಣದ ತೋಳಿಗೆ ಉಜ್ಜಿತು. ಮೈನಸ್ ಇಪ್ಪತ್ತೈದು ಮಿಲಿಮೀಟರಿನ ರಿಮ್ಮು ತಂದು ಚಕ್ರವನ್ನು ಹೊರಗೆ ತಳ್ಳಿದರೆ, ಸ್ಟೇರಿಂಗ್ ಪೂರ್ತಿ ತಿರುಗಿದಾಗ ಮಡ್‌ಗಾರ್ಡಿಗೆ ಉಜ್ಜಿತು. ಸರ್ರ್... ಸರ್ರ್... ಟಕ್. ಒಂದು ತಿರುವಿನಲ್ಲಿ ಟೈರಿನ ಕೆನ್ನೆ ಹರಿದರೆ, ಆ ಗುಡ್ಡದಲ್ಲಿ ಅಕ್ಕನನ್ನು ಹೊತ್ತು ಇಳಿಸುವವರು ಯಾರು?

"ಅದು ಆಫ್‌ಸೆಟ್ಟಿನ, ಅಂದ್ರೆ ಚಕ್ರ ಎಷ್ಟು ಒಳಗೆ ಹೊರಗೆ ಕೂರುತ್ತೆ ಅನ್ನೋದರ ತಂಟೆ ಕಣಪ್ಪ" ಎಂದಿದ್ದ ಟೈರಂಗಡಿಯವನು. "ಪ್ಲಸ್ ಹೆಚ್ಚಾದರೆ ಚಕ್ರ ಒಳಗೆ ಸೇರುತ್ತೆ, ಮೈನಸ್ ಹೆಚ್ಚಾದರೆ ಹೊರಗೆ ಬರುತ್ತೆ. ಸೊನ್ನೆಯ ರಿಮ್ಮು ಒಂದು ಜೋಡಿ, ಮೈನಸ್ ನಲವತ್ತರದ್ದು ಒಂದು ಜೋಡಿ, ಟೈರು ಹಾಕಿ ಕೊಡ್ತೀನಿ. ಹಾಕಿ ನೋಡು, ಆಗದ್ದು ವಾಪಸ್ ತಾ. ನಾನಾಗಿದ್ರೆ ಸೊನ್ನೆ."

"ನೀನಾಗಿಲ್ಲವಲ್ಲ" ಎಂದಿದ್ದ ಮೊಂಡ.

ಅವನ ಲೆಕ್ಕ ಸರಳ. ಉಜ್ಜುತ್ತದೋ, ಇನ್ನೂ ಹೊರಗೆ ತಳ್ಳು. ನಲವತ್ತನ್ನೇ ಹಾಕಿದ. ಜೀಪು ಸಮನೆಲದ ಮೇಲೆ, ಚಕ್ರ ನೆಟ್ಟಗೆ. ಸುತ್ತ ಬೆರಳಾಡಿಸಿದ, ಟೈರು ಎಲ್ಲೂ ತಾಗುತ್ತಿರಲಿಲ್ಲ. ಬೀಗ ಹಾಕಿ ಹೊರಟ.

ದಾರಿಯಲ್ಲಿ ಒಂದು ಹಾಳುಬಾವಿ. ಅದನ್ನು ದಾಟಿ ಹತ್ತು ಹೆಜ್ಜೆ ಹೋಗಿರಬೇಕು...

ಸರ್ರ್... ಸರ್ರ್... ಟಕ್.

ನಿಂತ. ಹಿಂದೆ ತಿರುಗಿದ. ಬಟ್ಟಬಯಲು. ಗಾಡಿಯಿಲ್ಲ, ಬೆಳಕಿಲ್ಲ. ಗಾಳಿಯೂ ಇಲ್ಲ.

"ನೆಟ್ಟಗೆ ನಿಲ್ಲಿಸಿ ಅಳೆದೆಯಾ?"

ಪಿಸುಮಾತು. ಬಾವಿಯ ಕಟ್ಟೆಯ ಕಡೆಯಿಂದ.

"ಯಾರು?"

"ತಿರುವಿನಲ್ಲಿ ಚಕ್ರ ನೆಟ್ಟಗಿರುತ್ತದಾ?"

ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವನಿಗೆ ಮೈ ಉರಿಯಿತು. ಹೆಂಡತಿ ಹೇಳಿದ್ದಾಯಿತು, ಭಾವ ಹೇಳಿದ್ದಾಯಿತು, ಅಂಗಡಿಯವನೂ ಹೇಳಿದ. ಈಗ ಕತ್ತಲಿಗೂ ಉಪದೇಶದ ಚಪಲ!

"ನೀನೂ ಒಬ್ಬ ಬಾಕಿ ಇದ್ದೆ ನೋಡು" ಎಂದ, ಹಲ್ಲು ಕಚ್ಚಿ. "ಬಾಯಿ ಮುಚ್ಕೊಂಡಿರು."

ಮನೆ ಕಡೆ ಎರಡು ಹೆಜ್ಜೆ ಇಟ್ಟ. ಆಮೇಲೆ...

"ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸು. ಪೂರ್ತಿ ತಿರುಗಿಸು. ಆಮೇಲೆ ಅಳೆ."

ಕಟ್ಟೆಯ ಮೇಲೆ ಟಾರ್ಚಿನ ಬೆಳಕು ಬಿಟ್ಟ. ಯಾರೂ ಇರಲಿಲ್ಲ. ಆದರೂ ಅವನು ಹೋದದ್ದು ಮನೆಗಲ್ಲ, ಶೆಡ್ಡಿಗೆ. ಆ ಮಾತು ಸುಳ್ಳು ಎಂದು ತೋರಿಸದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ.

ಎಡ ಮುಂದಿನ ಚಕ್ರವನ್ನು ಎರಡು ಗೇಣಿನ ಕಲ್ಲಿಗೆ ಹತ್ತಿಸಿದ. ಸ್ಟೇರಿಂಗ್ ತಿರುಗಿಸಿದ. ಗರಕ್! ನಲವತ್ತರ ಟೈರು ಮಡ್‌ಗಾರ್ಡಿನ ಅಂಚಿಗೆ ಹಲ್ಲೂರಿ ಕಚ್ಚಿತ್ತು. ಹೊರಗೆ ತಳ್ಳಿದಷ್ಟೂ ಚಕ್ರ ದೊಡ್ಡ ಸುತ್ತು ಹಾಕಿ ತಿರುಗುತ್ತದೆ, ಅಂಚಿಗೆ ಇನ್ನೂ ಗಟ್ಟಿಯಾಗಿ ತಾಗುತ್ತದೆ. ಮೂರು ದಿನದಿಂದ ಅವನು ತಪ್ಪನ್ನೇ ಬೆಳೆಸಿಕೊಂಡು ಬಂದಿದ್ದ. ನಟ್ಟು ಬಿಚ್ಚುವ ಪಾನಾ ಎತ್ತಿ ಗೋಡೆಗೆ ಬೀಸಿದ. ಠಣ್ ಎಂದು ಬಿತ್ತು. ಮತ್ತೆ ತಾನೇ ಹುಡುಕಿ ತಂದು ಸೊನ್ನೆಯ ರಿಮ್ಮು ಹಾಕಿದ. ಒಳಗೂ ಹೊರಗೂ ಒಂದೊಂದು ಬೆರಳು ಸಂದು ಉಳಿಯಿತು. ಅಷ್ಟೇ. ಹೊತ್ತು ಹುಟ್ಟಿತು.

ಹತ್ತುವಾಗ ಒಂದು ಸದ್ದೂ ಇಲ್ಲ. ವಸತಿಯಲ್ಲಿ ಅಕ್ಕ, ಭಾವ, ದಾದಿ, ಜೊತೆಗೆ ಇಬ್ಬರು ಹೆಂಗಸರು ಹತ್ತಿದರು. ಹಿಂದಿನ ಸಂಜೆಯ ಮಳೆಗೆ ದಾರಿ ಕೆಸರು. ಇಳಿಯತೊಡಗಿದ ಮೇಲೆ ಅವನಿಗೆ ಹೊಳೆಯಿತು... ತಾನು ಅಳೆದದ್ದು ಖಾಲಿ ಜೀಪನ್ನು. ಆರು ಜನರ ಭಾರಕ್ಕೆ ಸ್ಪ್ರಿಂಗು ಎರಡು ಬೆರಳಾದರೂ ಕುಗ್ಗಿರುತ್ತದೆ. ಇದ್ದದ್ದು ಒಂದೇ ಬೆರಳು.

"ಯಾಕೋ ಮೊಂಡ, ಮುಖ ಹಿಂಡ್ಕೊಂಡಿದ್ದೀಯ?" ಅಕ್ಕ ಸೊಂಟ ಹಿಡಿದುಕೊಂಡೇ ಕೇಳಿದಳು. "ನೋವು ನನಗೆ."

"ಸುಮ್ನಿರಕ್ಕ. ಮಾತಾಡಿಸ್ಬೇಡ."

ಆರನೇ ತಿರುವು. ಎಡ ಚಕ್ರ ಬಂಡೆ ಏರಿತು, ಸ್ಟೇರಿಂಗ್ ಕೊನೆಗೆ ಬಂತು, ಜೀಪಿನ ಮೂತಿ ಕುಸಿಯಿತು. ಅವನು ಉಸಿರು ಬಿಗಿಹಿಡಿದ. ಇನ್ನೇನು...

ಏನೂ ಇಲ್ಲ. ಟೈರಿನಡಿ ಜಲ್ಲಿ ಕಟಕಟ ಎಂದದ್ದು ಬಿಟ್ಟರೆ ಏನೂ ಇಲ್ಲ. ಏಳನೆಯದೂ ಹಾಗೇ ಕಳೆಯಿತು. ಹನ್ನೆರಡಕ್ಕೆ ಆಸ್ಪತ್ರೆ ಸೇರಿದರು, ಮೂರಕ್ಕೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಸುಖ, ದೇವರು ದೊಡ್ಡವನು.

ಸಂಜೆ ನಾನೂ ಹೋದೆ. ಮಗು ನೋಡಿ ಹೊರಬಂದರೆ ಇವನು ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನನ್ನ ಕೈಗೆ ಟಾರ್ಚು ಕೊಟ್ಟ. ಬಗ್ಗಿ ನೋಡಿದೆ. ಎಡ ಮಡ್‌ಗಾರ್ಡಿನ ಒಳಮೈಗೆಲ್ಲ ಅವತ್ತಿನ ಕೆಸರು ಮೆತ್ತಿ ಒಣಗಿತ್ತು. ಆ ಕೆಸರಿನ ನಡುವೆ ಒಂದು ಅಂಗೈ ಗುರುತು. ಐದೂ ಬೆರಳು ಅಗಲಿಸಿ, ತಗಡನ್ನು ಮೇಲಕ್ಕೆ ಒತ್ತಿ ಹಿಡಿದ ಹಾಗೆ.

ಟೈರಿಗೂ ತಗಡಿಗೂ ನಡುವಿನ ಸಂದಿನಲ್ಲಿ ನನ್ನ ಕೈ ತೂರಿಸಿ ನೋಡಿದೆ. ಬೆರಳಿನ ಗಿಣ್ಣಿನಿಂದ ಮುಂದೆ ಹೋಗಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನೋಡಿದ ಕಣ್ಣು ಇವೇ. ಆ ಗುರುತಿನಲ್ಲಿ ಕೆಸರು ಇನ್ನೂ ಹಸಿಯಾಗಿತ್ತು.