ಎರ್ರಮ್ಮನ ಸಾಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದು ಹೋಗದ ಹೊಸಪೇಟೆಯ ಸಭಿಕರೇ,

ಇವತ್ತು ನಾವು ಸನ್ಮಾನಿಸುತ್ತಿರುವ ಡಾ. ಸ್ಫೂರ್ತಿ ನನ್ನ ಅಕ್ಕ ಎರ್ರಮ್ಮನ ಮೊಮ್ಮಗಳು. ಆಮಂತ್ರಣದಲ್ಲಿ ಅವಳ ಅಪ್ಪನ ಹೆಸರಿದೆ, ತಾತನ ಹೆಸರಿದೆ, ಅಜ್ಜಿಯದಿಲ್ಲ. ಯಾಕಿಲ್ಲ? ಪ್ರೆಸ್ಸಿಗೆ ಹೋಗಿ ಕೇಳಿದೆ. 'ಕೊಟ್ರಬಸಪ್ಪನೋರೇ, ಜಾಗ ಸಾಲಲಿಲ್ರೀ' ಅಂದರು. ಸಿಮೆಂಟ್ ಅಂಗಡಿಯ ಜಾಹೀರಾತಿಗೆ ಜಾಗವಿತ್ತು. ಜಗಳವಾಡಿ ಬಂದೆ. ಮನೆಗೆ ಬಂದ ಮೇಲೆ ನೆನಪಾಯಿತು, ಆ ಜಗಳ ಆಡುವ ಯೋಗ್ಯತೆ ನನಗಿಲ್ಲ.

ಹೆಳವರು ನಿಮಗೆ ಗೊತ್ತು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ನಮ್ಮ ವಂಶದ ಹೆಸರುಗಳನ್ನು ಓದಿ ಹೇಳುವವರು. ನಮ್ಮ ಹೆಳವರ ಗುಡ್ಡಪ್ಪ ಹೆಣ್ಣುಮಕ್ಕಳ ಹೆಸರನ್ನೂ ಬರೆಯುತ್ತಿದ್ದ. ಅವನ ಪುಸ್ತಕಕ್ಕೆ ಗೆದ್ದಲು ಹಿಡಿದಾಗ ಹೊಸ ಪ್ರತಿ ಮಾಡಿಕೊಟ್ಟವನು ಹತ್ತೊಂಬತ್ತು ವರ್ಷದ ನಾನು. ಅದನ್ನು ನೋಡಿ ಗಾದಿಗನೂರು, ಸಂಡೂರಿನ ದಾಯಾದಿಗಳೂ ಬರೆದುಕೊಂಡರು. ಮೂರರಲ್ಲೂ ಎರ್ರಮ್ಮನ ಸಾಲಿಲ್ಲ. 'ಗುಡ್ಡಪ್ಪ ಮರೆತಿದ್ದ' ಎಂದು ಐವತ್ತು ವರ್ಷ ಹೇಳಿದೆ.

ಸ್ಫೂರ್ತಿಯ ಸಂಶೋಧನೆ ಏನು? ನನಗೆ ಹೇಳಿದ್ದನ್ನೇ ಹೇಳುತ್ತೇನೆ. 'ತಾತ, ಜೀನ್ ಅಂದ್ರ ನಾಕೇ ಅಕ್ಷರದ ಬರಹ. ತಲೆಮಾರಿಗೊಮ್ಮೆ ನಕಲಾಗ್ತೈತಿ, ಅಲ್ಲೊಂದು ಇಲ್ಲೊಂದು ತಪ್ಪಾಗ್ತೈತಿ. ಯಾವ ತಪ್ಪು ಎಷ್ಟು ಸಲ ಆಗಬಹುದು ಅಂತ ಕಂಪ್ಯೂಟರಿನಾಗ ಲೆಕ್ಕ ಕಟ್ಟಿದ್ರ, ಯಾವುದರಿಂದ ಯಾವುದು ಹುಟ್ಟಿತು ಅಂತ ಗೊತ್ತಾಗ್ತೈತಿ.'

ತಮಾಷೆಗೆ ನಮ್ಮ ವಂಶದ ಪ್ರತಿಗಳನ್ನೂ ಹಾಗೇ ಹೋಲಿಸಿದಳು. ಕಂಪ್ಲಿಯಲ್ಲಿ, ಗೆದ್ದಲು ಹಿಡಿಯುವ ಮೊದಲೇ ಗುಡ್ಡಪ್ಪನ ಪುಸ್ತಕದಿಂದ ಬರೆದುಕೊಂಡಿದ್ದ, ನನ್ನದಕ್ಕಿಂತ ಹಳೆಯ ಪ್ರತಿ ಸಿಕ್ಕಿತು. ಅದರಲ್ಲಿ ಎರ್ರಮ್ಮ ಇದ್ದಳು.

'ಎಲ್ಲಾರ ನಕಲಿನಾಗೂ ಸಣ್ಣಪುಟ್ಟ ತಪ್ಪು ಅದಾವ ತಾತ. ನಿಮ್ಮದರಾಗ ಒಂದೂ ಇಲ್ಲ, ಭಾಳ ಚಂದ ಬರದೀರಿ. ಇಂಥ ಕೈ ಒಂದು ಇಡೀ ಸಾಲು ಮರಿಯಂಗಿಲ್ಲ.'

ಇಷ್ಟೇ ಅಂದಳು. ಒಳಗೆ ಹೋಗಿ ಚಹಾ ತಂದುಕೊಟ್ಟಳು.

ಅಕ್ಕ ತಾನು ಮೆಚ್ಚಿದವನನ್ನು, ಬೇರೆ ಜಾತಿಯ ಲಾರಿ ಡ್ರೈವರನನ್ನು ಮದುವೆಯಾಗಿದ್ದಳು. 'ಆಕಿ ಹೆಸರು ಬ್ಯಾಡ' ಅಂದರು ಅಪ್ಪ. ನಾನು ಬರೆಯಲಿಲ್ಲ. ಅಪ್ಪ ಹೋದ ಮೇಲೆ ಅವಳಿಗೆ ಬಾಗಿಲು ತೆರೆದೆ, ಪುಸ್ತಕ ತೆರೆಯಲಿಲ್ಲ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದವಳು ಅವಳು. ಒಂದೂ ತಪ್ಪಿಲ್ಲದ ಆ ಬರವಣಿಗೆ ಅವಳೇ ಕೊಟ್ಟದ್ದು.

ಗುಡ್ಡಪ್ಪನ ಮಗ ಪುಸ್ತಕ ತಂದಿದ್ದಾನೆ. ಅಕ್ಕ, ಎದ್ದು ಬಾ. ಮೆಟ್ಟಿಲು ಜೋಪಾನ. ನಾನು ಬರೆದರೆ ಅದೂ ನನ್ನ ನಕಲೇ ಆಗುತ್ತದೆ. ಪೆನ್ನು ಇಲ್ಲಿದೆ, ನೀನೇ ಬರಿ.

ಅವಳು ನಿಧಾನವಾಗಿ ಬರೆಯುತ್ತಾಳೆ, ಸಭೆ ಕಾಯಬೇಕು. ಊಟ ತಡವಾದರೆ ನನ್ನನ್ನು ಬೈಯಿರಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ನಮಸ್ಕಾರ.